ಮೊದಲು ಕ್ರಾಪು ನೋಡು

ಪ್ರಿಯ ತಂಗಿ,

ಫ್ರೆಂಚ್ ಸಿನಿಮಾ ನಿರ್ದೇಶಕಿ ಆನ್ಯೆಸ್ ವರ್ದಾ ಅವರ ಭಾವಚಿತ್ರ ಕುರಿತ ನಿನ್ನ ಬರಹವನ್ನು ಎರಡು ಸಲ ಓದಿದೆ. ಮೊದಲ ಪುಟವೊಂದರಲ್ಲೇ ‘ಸಂಪ್ರದಾಯ ಮುರಿದ ನಿರ್ದೇಶಕಿ’ ಎಂಬ ಮಾತು ನಾಲ್ಕು ಬಾರಿ ಬಂದಿದೆ. ಚಿತ್ರದ ಬಗ್ಗೆ ಮಾತ್ರ ಒಂದೇ ಸಾಲು: ‘ಆತ್ಮವಿಶ್ವಾಸ ತುಂಬಿದ ನಿಲುವು.’ ಬೇಸರಪಡಬೇಡ. ನಿನ್ನ ವಯಸ್ಸಿನಲ್ಲಿ ನಾನೂ ಒಬ್ಬ ಹಿರಿಯರ ಫೋಟೊ ನೋಡಿ ‘ಕನಸು ತುಂಬಿದ ಕಣ್ಣುಗಳು’ ಎಂದು ಬರೆದಿದ್ದೆ. ಫೋಟೊದಲ್ಲಿ ಅವರು ಕಪ್ಪು ಕನ್ನಡಕ ಹಾಕಿದ್ದರು. ಅಚ್ಚಾದ ಮೇಲೆ ಓದುಗರೊಬ್ಬರು ಕಾರ್ಡು ಬರೆದು ತಿಳಿಸಿದರು.

ವರ್ದಾ ಅವರ ಆ ಫೋಟೊವನ್ನು ಮತ್ತೆ ಮುಂದಿಟ್ಟುಕೊ. 1962, ವೆನಿಸ್. ಹಿಂದೆ ಇರುವುದು ಜೆಂಟಿಲೆ ಬೆಲ್ಲಿನಿ ಸುಮಾರು 1500ರಲ್ಲಿ ಬರೆದ ದೊಡ್ಡ ವರ್ಣಚಿತ್ರ; ಕಾಲುವೆಗೆ ಬಿದ್ದ ಪವಿತ್ರ ಶಿಲುಬೆಯನ್ನು ಎತ್ತಿದ ಪ್ರಸಂಗ. ಅದರಲ್ಲಿ ಕೆಲವು ಗಂಡಸರು ಸಾಲಾಗಿ, ಮುಖದ ಒಂದೇ ಬದಿ ಕಾಣುವಂತೆ ಮಂಡಿಯೂರಿದ್ದಾರೆ. ತಲೆಯ ಮೇಲೆ ಬಟ್ಟಲು ಕವುಚಿ ಅಂಚಿನುದ್ದಕ್ಕೂ ಕತ್ತರಿ ಆಡಿಸಿದಂಥ ಕೂದಲು. ಅವರ ಮುಂದೆ ವರ್ದಾ. ಅದೇ ಭಂಗಿಯ ಮುಖ, ಅದೇ ಕ್ರಾಪು! ಸಂಪ್ರದಾಯ ಮುರಿದವರು ಎಂದೆಯಲ್ಲ, ಇಲ್ಲಿ ಅವರು ನಾಲ್ಕೂವರೆ ಶತಮಾನ ಹಳೆಯ ಸಾಲಿಗೆ, ಅದೂ ಗಂಡಸರ ಸಾಲಿಗೆ, ಏನೂ ಅರಿಯದವರಂತೆ ಹೋಗಿ ಸೇರಿಕೊಂಡಿದ್ದಾರೆ. ನನಗಂತೂ ನಗು ಬಂತು. ನಿನ್ನ ಲೇಖನ ಆ ತುಂಟತನದಿಂದ ಶುರುವಾಗಲಿ.

ಚಿತ್ರ ಯಾರು ತೆಗೆದದ್ದು ಎಂದು ನೀನು ಹೇಳಿಯೇ ಇಲ್ಲ. ಅದು ಅವರೇ ತೆಗೆದುಕೊಂಡ ಸ್ವಚಿತ್ರ. ಸಿನಿಮಾಕ್ಕೆ ಬರುವ ಮುನ್ನ ಜಾಂ ವಿಲಾರ್ ಅವರ ನಾಟಕ ತಂಡಕ್ಕೆ ಫೋಟೊ ತೆಗೆಯುತ್ತಿದ್ದವರು. ಯಾವ ನಿರ್ದೇಶಕರ ಕೈಕೆಳಗೂ ಪಳಗದೆ 1954ರಲ್ಲಿ ಮೊದಲ ಸಿನಿಮಾ ಮಾಡಿದವರು. ಚೌಕಟ್ಟಿನಲ್ಲಿ ಎಲ್ಲಿ ನಿಂತರೆ ಯಾರ ಪಕ್ಕಕ್ಕೆ ಬರುತ್ತೇವೆ ಎಂಬ ಲೆಕ್ಕ ಅವರಿಗೆ ರಂಗದ ಮುಂದೆಯೇ ಕರಗತವಾಗಿತ್ತು ಎಂದು ನನ್ನ ಊಹೆ. (ಪ್ಯಾರಿಸಿನಲ್ಲಿ ಅವರು ದಶಕಗಳ ಕಾಲ ಬಾಳಿದ ಬೀದಿಗೆ ಛಾಯಾಗ್ರಹಣದ ಮೂಲಪುರುಷರಲ್ಲೊಬ್ಬನಾದ ದಾಗೆರ್‌ನ ಹೆಸರು. ಇದನ್ನು ಲೇಖನಕ್ಕೆ ತುರುಕಬೇಡ, ಚೆಂದವಿದೆಯೆಂದು ಹೇಳಿದೆ ಅಷ್ಟೇ.)

ಪ್ರಶಸ್ತಿಗಳ ಪಟ್ಟಿಯನ್ನು ತೆಗೆದುಬಿಡು. 2018ರ ಆಸ್ಕರ್ ಭೋಜನಕೂಟ ಮಾತ್ರ ಇರಲಿ. ನಾಮನಿರ್ದೇಶಿತರಿಗೆಂದು ಏರ್ಪಡಿಸಿದ ಆ ಕೂಟಕ್ಕೆ 89 ವರ್ಷದ ವರ್ದಾ ತಾವು ಹೋಗದೆ, ರಟ್ಟಿನಲ್ಲಿ ಕತ್ತರಿಸಿದ ತಮ್ಮ ಫೋಟೊಗಳನ್ನು ಕಳುಹಿಸಿದರು. ತಾರೆಯರು ರಟ್ಟಿನ ವರ್ದಾ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಕೂದಲಿಗೆ ಅಷ್ಟರಲ್ಲಿ ಎರಡು ಬಣ್ಣ ಬಂದಿತ್ತು, ನೆತ್ತಿ ಬಿಳಿ, ಅಂಚು ಕೆಂಪು. ಕ್ರಾಪು ಮಾತ್ರ ವೆನಿಸಿನದೇ.

ಆ ನಾಲ್ಕು ಕಡೆಯೂ ‘ಸಂಪ್ರದಾಯ ಮುರಿದ’ ಎಂಬುದನ್ನು ಪೆನ್ಸಿಲ್ಲಿನಿಂದ ಹೊಡೆದಿದ್ದೇನೆ. ತಿದ್ದಿ ಬರೆದ ಮೇಲೂ ಬೇಕೆನಿಸಿದರೆ ಒಂದನ್ನು ಉಳಿಸಿಕೊ.

ನಿನ್ನ ಅಣ್ಣ