ಕೆಂಚನ ಎಡಗಿವಿ

ವಿಜಯಪುರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಬೆಂಗಳೂರಿನ ಬಸ್ ಹತ್ತಿ ಇಂದಿಗೆ ಒಂಬತ್ತು ದಿನ. ಹಿಂದಿನ ರಾತ್ರಿ ಆಡಿದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ನೀನು ಗೋಡೆಗೆ ಅಂಟಿಸಿದ್ದ ಕುದುರೆಯ ಚಿತ್ರವನ್ನು ಕಿತ್ತೊಗೆಯಲು ಹೋದವನು ಅದರ ಮುಂದೆಯೇ ಕುಳಿತುಬಿಟ್ಟೆ. ನಮ್ಮ ಟಾಂಗಾ ಕುದುರೆ ಕೆಂಚನದೇ ಬಣ್ಣ. ಸವಾರನಿಲ್ಲ, ಜೀನಿಲ್ಲ, ಹಿಂದೆ ಗಿಡಮರವೂ ಇಲ್ಲ. ಕುದುರೆಯೊಂದೇ ಮುಂಗಾಲೆತ್ತಿ ನಿಂತಿದೆ. ಕೆಳಗೆ ನಿನ್ನ ಅಕ್ಷರ: ವಿಸಲ್‌ಜಾಕೆಟ್, ಸುಮಾರು 1762, ಜಾರ್ಜ್ ಸ್ಟಬ್ಸ್.

ನಿನ್ನ ನೋಟ್‌ಬುಕ್ಕನ್ನೂ ಓದಿದೆ, ಸಿಟ್ಟಾಗಬೇಡ. ಆ ಚಿತ್ರ ಬರೆದ ಸ್ಟಬ್ಸ್ ಲಿವರ್‌ಪೂಲಿನಲ್ಲಿ ಚರ್ಮ ಹದ ಮಾಡುವವನ ಮಗನಂತೆ. ಹಳ್ಳಿಯ ಮನೆಯೊಂದರಲ್ಲಿ ಸತ್ತ ಕುದುರೆಗಳನ್ನು ತೂಗುಹಾಕಿ, ಒಂದೂವರೆ ವರ್ಷ ತೊಗಲು, ಸ್ನಾಯು, ಎಲುಬುಗಳನ್ನು ಪದರ ಪದರವಾಗಿ ಬಿಡಿಸಿ ಬರೆದನಂತೆ. ಅಚ್ಚಿನ ತಗಡಿನ ಮೇಲೂ ಆ ಚಿತ್ರಗಳನ್ನು ತಾನೇ ಕೊರೆದು 1766ರಲ್ಲಿ ಪುಸ್ತಕ ತಂದನಂತೆ.

ಅದನ್ನು ಓದಿದಾಗಿನಿಂದ ಕೆಂಚ ಬಿದ್ದ ದಿನವೇ ಕಣ್ಣಮುಂದೆ. ಹೊಟ್ಟೆಶೂಲೆಯಿಂದ ಲಾಯದಲ್ಲಿ ಹೊರಳಾಡುತ್ತಿದ್ದ, ಮೈಯೆಲ್ಲ ಬೆವರು. ನಾನು ಅವನನ್ನು ಎಬ್ಬಿಸಿ ನಡೆಸಲು ಒದ್ದಾಡುತ್ತಿದ್ದೆ. ಹನ್ನೊಂದು ವರ್ಷದ ನೀನು ಮೂಲೆಯಲ್ಲಿ ಪೆನ್ಸಿಲ್ ಹಿಡಿದು ಕುಳಿತಿದ್ದೆ. "ಜೀವ ಹೋಗುವಾಗ ನಿನಗೆ ಚಿತ್ರವೇ?" ಎಂದು ಹಾಳೆ ಕಸಿದು ನೀರಿನ ಬಾನಿಗೆ ಎಸೆದೆ. ನೀನು ಅಳಲಿಲ್ಲ. ಕಲ್ಲೆದೆಯ ಹುಡುಗಿ ಎಂದುಕೊಂಡೆ. ಅರಳಿದ ಮೂಗಿನ ಹೊಳ್ಳೆ, ಅದರ ಅಂಚಿನ ಮಡಿಕೆ, ಇಷ್ಟು ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಪೆನ್ಸಿಲ್ ಗೆರೆ ನೀರಿಗೆ ಕರಗುವುದಿಲ್ಲವಲ್ಲ. ಎತ್ತಿ ಒಣಗಿಸಿದ್ದರೆ ಸಾಕಿತ್ತು. ಬೆಳಿಗ್ಗೆಯವರೆಗೂ ಅದು ಬಾನಿಯಲ್ಲೇ ಇತ್ತು. ನಾನು ಎತ್ತಲಿಲ್ಲ. ತಪ್ಪು ನನ್ನದು, ತಾಯಿ.

ರೇಸ್ ಕುದುರೆಗಳು ಟಾಂಗಾ ಕುದುರೆಯಂತಲ್ಲ, ಹಿಂಗಾಲಿನ ಬಳಿ ನಿಲ್ಲಬೇಡ. ಕಿವಿ ಹಿಂದಕ್ಕೆ ಮಡಚಿದರೆ ದೂರ ಸರಿ. ಮುಂಗಡ ಪಡೆಯದೆ ಯಾರ ಕುದುರೆಗೂ ಕುಂಚ ಎತ್ತಬೇಡ. ದೊಡ್ಡವರು ಹೊಗಳಿ ಹೊಗಳಿಯೇ ಹಣ ಮರೆಯುತ್ತಾರೆ. ಕೆಲಸದ ಭರದಲ್ಲಿ ಊಟ ಬಿಡಬೇಡ, ಬಾಡಿಗೆ ಬಾಕಿ ಉಳಿಸಬೇಡ, ರಾತ್ರಿ ಒಬ್ಬಳೇ ಓಡಾಡಬೇಡ. ಬುದ್ಧಿ ಹೇಳಬಾರದೆಂದೇ ಬರೆಯಲು ಕುಳಿತಿದ್ದೆ. ಈ ಕಸುಬಿನಿಂದ ಹೊಟ್ಟೆ ತುಂಬೀತೇ ಎಂಬ ಭಯ ಇನ್ನೂ ಹೋಗಿಲ್ಲ. ಆದರೂ ಗೋಳಗುಮ್ಮಟದ ಮುಂದಿನ ಟಾಂಗಾದವರಿಗೆಲ್ಲ ನನ್ನ ಮಗಳು ಕುದುರೆಗಳ ಚಿತ್ರ ಬರೆಯುತ್ತಾಳೆ ಎಂದು ಹೇಳಿ ಬಂದಿದ್ದೇನೆ.

ಕೆಂಚನ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಬಿಡುವಾದಾಗ ಬರೆದು ಕಳಿಸು. ಹಣೆಯ ಬಿಳಿ ಪಟ್ಟೆ ಮೂಗಿನವರೆಗೆ ಇಳಿದಿರಲಿಲ್ಲ, ಕಣ್ಣಿನ ಮಟ್ಟಕ್ಕೇ ನಿಂತಿತ್ತು. ತುದಿ ಸೀಳಿದ್ದು ಎಡಗಿವಿ.

ನಿನ್ನ ಅಪ್ಪ