ಹುಳಿ ಕೊನೆಗೆ

ಕೊಲಂಬಿಯಾ, ಸೌತ್ ಕೆರೊಲಿನಾ
14 ಸೆಪ್ಟೆಂಬರ್ 2025, ಭಾನುವಾರ

ಅಮ್ಮ,

ಮೊನ್ನೆ ಫೋನಲ್ಲಿ ಹೇಳಕ್ಕೆ ಹೋಗಿ ಅರ್ಧಕ್ಕೇ ನಿಂತುಹೋಯ್ತಲ್ಲ, ಆ ಕಡ್ಲೇಕಾಯಿ ಸಮಾಚಾರ. ನೀನು "ಟೊಮೆಟೊ ರಸದಲ್ಲಿ ಕಡ್ಲೇಕಾಯಾ?" ಅಂದೆ, ಹಿಂದಿನಿಂದ ತಾತ "ಏನಂತೆ, ಏನಂತೆ" ಅಂದ್ರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಅದಕ್ಕೇ ಈ ಕಾಗದ. ವಿಡಿಯೊ ಕಾಲಲ್ಲಿ ನನ್ನ ಬಾಯಿ ಒಂದು ಕಡೆ, ಮಾತು ಒಂದು ಕಡೆ ಓಡುತ್ತೆ ಅಂತ ತಾತನಿಗೆ ಬೇಜಾರು. ಊಟ ಆದ್ಮೇಲೆ ಪಡಸಾಲೇಲಿ ಕೂತು ನಿಧಾನಕ್ಕೆ ಓದಿ ಹೇಳು. ಒಂದು ಜಾಗದಲ್ಲಿ ಮಾತ್ರ ಸ್ವಲ್ಪ ದನಿ ತಗ್ಗಿಸಬೇಕು. ಅಲ್ಲಿಗೆ ಬಂದಾಗ ಹೇಳ್ತೀನಿ.

ಇಲ್ಲಿ ಈಗ ಕಡ್ಲೇಕಾಯಿ ಕಾಲ. ಊರಾಚೆ ರಸ್ತೆಗೆ ಹೋದರೆ ಅಲ್ಲಲ್ಲಿ ಪಿಕಪ್ ಗಾಡಿ ನಿಂತಿರುತ್ತೆ. ಪಕ್ಕದಲ್ಲಿ ಗ್ಯಾಸ್ ಒಲೆ, ಮೇಲೆ ನಮ್ಮ ಬಚ್ಚಲುಮನೆ ಹಂಡೆಯಷ್ಟು ದೊಡ್ಡ ಪಾತ್ರೆ, ರಟ್ಟಿನ ಮೇಲೆ ಕೈಬರಹದಲ್ಲಿ 'ಬಾಯ್ಲ್ಡ್ ಪೀನಟ್ಸ್'. ಆ ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಬೇಯಿಸಿದ ಕಡ್ಲೇಕಾಯಿ ಈ ರಾಜ್ಯದ ಅಧಿಕೃತ ತಿಂಡಿ, 2006ರಲ್ಲಿ ಕಾನೂನೇ ಮಾಡಿದ್ದಾರೆ. ನಮ್ಮ ವಿಧಾನಸೌಧದಲ್ಲಿ ಯಾರಾದರೂ ಮುದ್ದೆಗೆ ಹೀಗೆ ಮಾಡ್ತೀವಿ ಅಂದರೆ ಮಂಡ್ಯಕ್ಕೂ ತುಮಕೂರಿಗೂ ಜಗಳ ಹತ್ತಿಕೊಳ್ಳುತ್ತೆ, ಬಿಡು.

ಹತ್ತಿರದಲ್ಲೇ ಪೀಲಿಯನ್ ಅಂತ ಪುಟ್ಟ ಊರು. ಅಲ್ಲಿ ಆಗಸ್ಟ್‌ನಲ್ಲಿ ಕಡ್ಲೇಕಾಯಿ ಹಬ್ಬ ಮಾಡ್ತಾರೆ. ಹೋಗಿದ್ದೆ. ಪುಟ್ಟಿಗೆ ಹೇಳು, ಬಸವನಗುಡಿ ಪರಿಷೆಯ ನೂಕುನುಗ್ಗಲು ಇಲ್ಲ, ಆದರೆ ಸಿಪ್ಪೆ ಕಾಲಡಿ ಚರಚರ ಅನ್ನೋದು ಅದೇ. ನಮ್ಮಲ್ಲಿ ರಾತ್ರಿ ಹೊತ್ತು ಬಂದು ಬೆಳೆ ತಿಂದ ಬಸವನಿಗೆ ಗುಡಿ ಕಟ್ಟಿಸಿದರು. ಇಲ್ಲಿ ಜಿಂಕೆ ಬಂದು ಬೆಳೆ ತಿನ್ನುತ್ತೆ, ಅದಕ್ಕೆ ಕೋವಿ ಹಿಡೀತಾರೆ.

ಇವರು ಬೇಯಿಸೋದು ನಮ್ಮ ಹಾಗಲ್ಲ. ನೀನು ಕುಕ್ಕರಲ್ಲಿ ನಾಕು ವಿಷಲ್ ಕೂಗಿಸಿ ಇಳಿಸ್ತೀಯ, ಕಾಳು ಇನ್ನೂ ಹಲ್ಲಿಗೆ ಸಿಗುತ್ತೆ. ಇಲ್ಲಿ ಮೂರು ಗಂಟೆ, ನಾಕು ಗಂಟೆ ಕುದೀತಾನೇ ಇರುತ್ತೆ. ಕಾಳು ಬೆಂದ ಅವರೆಕಾಳಿನ ಹಾಗೆ ಮೆತ್ತಗಾಗಿ, ಸಿಪ್ಪೆ ಒತ್ತಿದರೆ ಒಳಗಿಂದ ಉಪ್ಪುನೀರು ಚಿಮ್ಮಬೇಕು. ತಾತ ತಿಂದರೆ "ಗಂಜಿ ಮಾಡಿಟ್ಟವ್ರೆ" ಅಂತಾರೆ. ನಾನೂ ಮೊದಲ ಸಲ ಹಾಗೇ ಅಂದ್ಕೊಂಡೆ. ಎರಡನೇ ಹಿಡಿ ಹೊತ್ತಿಗೆ ಮಾತು ನಿಂತಿತ್ತು.

ಈಗ ಎದುರುಮನೆ ಅಜ್ಜಿ ವಿಷಯ. ಎಂಬತ್ತರ ಹತ್ತಿರ ವಯಸ್ಸು, ಒಬ್ಬರೇ ಇರೋದು. ಶನಿವಾರ ಕಾಲೇಜು ಫುಟ್‌ಬಾಲ್ ಪಂದ್ಯ ಇದ್ದರೆ ಜಗಲಿ ಮೇಲೆ ಕುರ್ಚಿ ಹಾಕಿ, ರೇಡಿಯೊ ಹಚ್ಚಿ, ದಾರೀಲಿ ಹೋಗೋರನ್ನೆಲ್ಲ ಕೂಗಿ ಕೂರಿಸ್ಕೊಳ್ತಾರೆ. ಕಳೆದ ತಿಂಗಳ ಕೊನೇಲಿ ನನ್ನನ್ನೂ ಕರೆದು ಒಂದು ಬಟ್ಟಲು ಕೊಟ್ಟರು. ಕೆಂಪು ರಸದಲ್ಲಿ ಮುಳುಗಿದ ಕಡ್ಲೇಕಾಯಿ. ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ಮೆಣಸು, ಕೊನೆಗೆ ಮೂಗಿನೊಳಗೆ ಏನೋ ಘಾಟು. ಕಣ್ಣಲ್ಲಿ ನೀರು ಬಂತು. "ಇದು ಬ್ಲಡಿ ಮೇರಿ ಕಡ್ಲೇಕಾಯಿ" ಅಂದರು.

ದನಿ ತಗ್ಗಿಸಬೇಕಾದ್ದು ಇಲ್ಲಿ.

ಬ್ಲಡಿ ಮೇರಿ ಅಂದರೆ ಒಂದು ಕಾಕ್‌ಟೇಲು. ಟೊಮೆಟೊ ರಸಕ್ಕೆ ವೋಡ್ಕಾ, ನಿಂಬೆಹುಳಿ, ಉಪ್ಪು, ಕಾಳುಮೆಣಸು, ಮೆಣಸಿನಕಾಯಿ ಸಾಸು ಎಲ್ಲ ಸೇರಿಸಿ ಕುಡಿಯೋದು. ಪ್ಯಾರಿಸ್‌ನ ಹ್ಯಾರಿಸ್ ನ್ಯೂಯಾರ್ಕ್ ಬಾರಿನಲ್ಲಿ 1920ರ ದಶಕದಲ್ಲಿ ಫರ್ನಾಂಡ್ ಪೆಟಿಯೋ ಅನ್ನೋನು ಮಾಡಿದ ಅಂತ ಒಂದು ಕಥೆ. ಇಲ್ಲ, ಮೊದಲು ಮಾಡಿದ್ದು ನಾನು ಅಂತ ಜಾರ್ಜ್ ಜೆಸ್ಸೆಲ್ ಅನ್ನೋ ನಟ. ಪೆಟಿಯೋ ಆಮೇಲೆ ನ್ಯೂಯಾರ್ಕಿಗೆ ಬಂದು ಅದಕ್ಕೆ ಖಾರ, ಮೆಣಸು, ಹುಳಿ ಜಾಸ್ತಿ ಮಾಡಿದನಂತೆ. ಯಾರಾದರೂ ಮಾಡಿಕೊಳ್ಳಲಿ, ವೋಡ್ಕಾ ತೆಗೆದು ನೋಡು, ಮಿಕ್ಕಿದ್ದೇನು? ಟೊಮೆಟೊ ಸಾರು! ಒಗ್ಗರಣೆ ಒಂದು ಇಲ್ಲ. ಎದುರುಮನೆ ಅಜ್ಜಿ ಕಡ್ಲೇಕಾಯಿಗೆ ವೋಡ್ಕಾ ಹಾಕಲ್ಲ, ಅದು ಪಕ್ಕದ ಲೋಟದಲ್ಲಿ ಇರುತ್ತೆ. ನನ್ನ ಲೋಟದಲ್ಲಿ ಇದ್ದದ್ದು ಐಸ್ ಟೀ. ನಂಬು.

ದನಿ ಎತ್ತು ಈಗ.

ಒಂದು ವಿಷಯ ಮಾತ್ರ ಒಪ್ಕೋಬೇಕು. ಆ ರಸಕ್ಕೆ ವೂಸ್ಟರ್ ಸಾಸ್ ಅಂತ ಒಂದು ಕಪ್ಪು ದ್ರಾವಣ ಹಾಕ್ತಾರೆ. ಆಮೇಲೆ ಅಂಗಡೀಲಿ ಅದನ್ನ ಕೊಳ್ಳೋಣ ಅಂತ ಬಾಟಲಿ ತಿರುಗಿಸಿ ಓದಿದರೆ, ಅದರಲ್ಲಿ ಆಂಚೊವಿ ಅಂತ ಸಣ್ಣ ಮೀನು. ಅದರ ಹತ್ತಿರದಲ್ಲೇ ಹುಣಸೆಹಣ್ಣು! ಇಂಗ್ಲೆಂಡಿನ ವೂಸ್ಟರ್ ಊರಲ್ಲಿ ಹುಟ್ಟಿದ ಸಾಸಿಗೆ ನಮ್ಮ ಹುಣಸೆಹಣ್ಣು. ಹುಣಸೆಹಣ್ಣಿಗೆ ಖುಷಿಪಡಲೋ, ಮೀನಿಗೆ ಅಳಲೋ ಗೊತ್ತಾಗದೆ ಅಂಗಡೀಲೇ ನಿಂತಿದ್ದೆ. ತಿಂದಾಗಿತ್ತಲ್ಲ. ನಮ್ಮ ಅಜ್ಜಿ ಇದ್ದಿದ್ದರೆ ನನಗೆ ಸಗಣಿನೀರು ಚಿಮುಕಿಸ್ತಿದ್ದರು. ಮೀನಿಲ್ಲದ್ದೂ ಸಿಗುತ್ತೆ, ಆದರೆ ನನಗೆ ಅದರ ಗೊಡವೆಯೇ ಬೇಡ ಅನಿಸಿತು. ಹುಣಸೆರಸ, ಬೆಲ್ಲ, ಒಂದು ಚಮಚ ವಿನಿಗರ್, ಕಾಳುಮೆಣಸು. ಅಷ್ಟು ಸಾಕು.

ಎದುರುಮನೆ ಅಜ್ಜಿ ಒಂದು ಚೀಟೀಲಿ ಸಾಮಾನು ಬರೆದು ಕೊಟ್ಟರು. ಸಾಮಾನು ಇತ್ತು, ಯಾವುದು ಮೊದಲು ಯಾವುದು ಆಮೇಲೆ ಅಂತ ಇರಲಿಲ್ಲ. ನೀನು "ಅಂದಾಜು ನೋಡ್ಕೊಂಡು ಹಾಕು" ಅಂತೀಯಲ್ಲ, ಅದೇ ಜಾತಿ. ಮರುದಿನ ಭಾನುವಾರ ಅಂಗಡಿಯಿಂದ 'ರಾ' ಅಂತ ಬರೆದಿದ್ದ ಕಡ್ಲೇಕಾಯಿ ತಂದೆ. ರಾ ಅಂದರೆ ಹಸಿ ಅಂತ ನನ್ನ ಲೆಕ್ಕ. ಇಲ್ಲಿ ರಾ ಅಂದರೆ ಹುರಿಯದ್ದು, ಅಷ್ಟೇ. ಒಣಗಿ ಗಿಲಗಿಲ ಅನ್ನೋ ಕಾಯಿ ಅದು. ಗಿಡದಿಂದ ಆಗತಾನೇ ಕಿತ್ತದ್ದಕ್ಕೆ 'ಗ್ರೀನ್' ಅಂತಾರೆ, ಬಣ್ಣ ಹಸಿರಲ್ಲದಿದ್ದರೂ. ತಾತನ ಕೈಗೆ ಕೊಟ್ಟಿದ್ದರೆ ಒಂದು ಸಲ ಕಿವಿ ಹತ್ತಿರ ಅಲ್ಲಾಡಿಸಿ ವಾಪಸ್ ಕೊಡ್ತಿದ್ದರು.

ಅದನ್ನ ನೆನೆಸಲೂ ಇಲ್ಲ. ಪಾತ್ರೆಗೆ ಹಾಕಿ, ಟೊಮೆಟೊ ರಸ, ಹುಣಸೆರಸ, ನಿಂಬೆ, ಖಾರ ಎಲ್ಲ ಒಟ್ಟಿಗೇ ಸುರಿದು ಬೆಳಗ್ಗೆ ಹತ್ತಕ್ಕೆ ಒಲೆ ಮೇಲಿಟ್ಟೆ. ಮಧ್ಯಾಹ್ನ ಒಂದು ಗಂಟೆಗೆ ಕಚ್ಚಿದರೆ ಕಟುಕ್. ನಾಕು ಗಂಟೆಗೂ ಕಟುಕ್. ತಳ ಹಿಡಿದು ಟೊಮೆಟೊ ಸೀದ ವಾಸನೆ ಮನೆ ತುಂಬ. ಸಿಟ್ಟಿಗೆ ಎಲ್ಲವನ್ನೂ ನೀನು ಕೊಟ್ಟ ಕುಕ್ಕರಿಗೆ ಸುರಿದೆ, ಕುತ್ತಿಗೆವರೆಗೂ. ಅರ್ಧದ ಮೇಲೆ ತುಂಬಬೇಡ ಅಂತ ನೀನು ಹೇಳಿದ್ದು ನೆನಪಿತ್ತು, ಆದರೂ ಸುರಿದೆ. ಹತ್ತು ನಿಮಿಷಕ್ಕೆ ಮುಚ್ಚಳದ ಸುತ್ತ ಕೆಂಪು ನೊರೆ ಉಕ್ಕಿ, ಗ್ಯಾಸ್ಕೆಟ್ ಒಂದು ಕಡೆ ಹೊರಗೆ ನಾಲಿಗೆ ಚಾಚಿತು. ಒಲೆ, ಗೋಡೆ, ನನ್ನ ಬಿಳಿ ಟಾಪು, ಎಲ್ಲಕ್ಕೂ ಓಕುಳಿ.

ನೆಲ ಒರೆಸ್ತಾ ಕೂತಾಗ ನೀನು ನೆನಪಾದೆ. ಮದುವೆಮನೆ ಅಡುಗೆಗೆ ಬಂದ ಆ ಹುಡುಗ ಹುಳಿಗೆ ಬೇಳೆ ಬೇಯೋ ಮೊದಲೇ ಹುಣಸೆಹಣ್ಣು ಕಿವುಚಿ ಹಾಕಿದ್ದಕ್ಕೆ ಎಷ್ಟು ಬೈದಿದ್ದೆ! "ಹುಳಿ ಕೊನೆಗೆ ಕಣೋ. ಮೊದಲೇ ಹಾಕಿದರೆ ಬೇಳೆ ಮುನಿಸ್ಕೊಳ್ಳುತ್ತೆ." ಕಡ್ಲೇಕಾಯಿಯೂ ದ್ವಿದಳವೇ ತಾನೆ? ತೊಗರಿ, ಕಡಲೆ, ಅವರೆಯ ಕುಲವೇ. ಆಮೇಲೆ ಓದಿ ನೋಡಿದೆ: ಕಾಳಿನ ಕಣಗಳನ್ನ ಹಿಡಿದಿಟ್ಟಿರೋದು ಪೆಕ್ಟಿನ್ ಅನ್ನೋ ಅಂಟು, ಬೇಯೋದು ಅಂದರೆ ಆ ಅಂಟು ಕರಗೋದು, ನೀರಲ್ಲಿ ಹುಳಿ ಇದ್ದರೆ ಅದು ಬೇಗ ಕರಗಲ್ಲ. ನಿನ್ನ ಮುನಿಸೇ ಅದು. ಇಷ್ಟು ಓದಿ, ಇಷ್ಟು ದೂರ ಬಂದು, ಕಾಳಿನ ಮುನಿಸು ಮರೆತಿದ್ದೆ.

ಮುಂದಿನ ಶನಿವಾರ ರೈತರ ಸಂತೆಯಿಂದ ಗ್ರೀನ್ ಕಾಯಿ, ಮಣ್ಣು ಮೆತ್ತಿದ್ದು, ಒಂದು ಕೆಜಿ ತಂದೆ. ಈ ಸಲ ನಿನ್ನ ಕ್ರಮ. ನಾಕು ನೀರಲ್ಲಿ ತೊಳೆದೆ. ದೊಡ್ಡ ಪಾತ್ರೇಲಿ ಮೂರು ಲೀಟರ್ ನೀರು, ಸುಮಾರು ನೂರು ಗ್ರಾಂ ಉಪ್ಪು. ಗಾಬರಿ ಆಗಬೇಡ, ಅಷ್ಟೂ ಕಾಳಿಗೆ ಹೋಗಲ್ಲ, ಬಹುಪಾಲು ನೀರಲ್ಲೇ ಉಳಿಯುತ್ತೆ. ಕಾಯಿ ಮೊದಲು ತೇಲುತ್ತೆ, ಮೇಲೊಂದು ತಟ್ಟೆ ಮಗುಚಿ ಇಟ್ಟು ಅದುಮಬೇಕು. ಸಿಪ್ಪೆಯೊಳಕ್ಕೆ ನೀರು ಇಳಿದಾಗ ತಾನೇ ಮುಳುಗುತ್ತೆ. ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ, ನೀರು ಕಮ್ಮಿ ಆದಾಗ ಬಿಸಿನೀರು. ಒಂದು ತೆಗೆದು ಕಚ್ಚಿದೆ. ಮೆತ್ತಗೆ! ಆಗ ಎರಡು ಲೋಟ ನೀರು ಬಸಿದು, ಅದರ ಬದಲಿಗೆ ಟೊಮೆಟೊ ರಸ ಎರಡು ಲೋಟ, ಹುಣಸೆ-ಬೆಲ್ಲದ ರಸ, ಜಜ್ಜಿದ ಕಾಳುಮೆಣಸು ಎರಡು ಚಮಚ, ಟಬಾಸ್ಕೊ ಸಾಸು. ಆ ಸಾಸು ಪಕ್ಕದ ಮನೆಯದ್ದಲ್ಲವಾದರೂ ಈ ಸೀಮೇದೇ. ಲೂಸಿಯಾನಾದ ಏವರಿ ದ್ವೀಪದಲ್ಲಿ 1868ರಿಂದ ಮಾಡ್ತಿದ್ದಾರೆ, ಮೆಣಸಿನಕಾಯಿ, ಉಪ್ಪು, ವಿನಿಗರ್ ಅಷ್ಟೇ. ನಮ್ಮ ಬ್ಯಾಡಗಿಯ ಬಣ್ಣ ಅದಕ್ಕಿಲ್ಲ, ಅದಕ್ಕೇ ಒಂದು ಚಮಚ ಬ್ಯಾಡಗಿ ಪುಡೀನೂ ಹಾಕಿದೆ. ಚೀಟೀಲಿ ಸೆಲೆರಿ ಬೀಜ ಅಂತ ಇತ್ತು, ಅದು ಓಂಕಾಳಿನ ಮನೆತನದ್ದೇ. ಡಬ್ಬೀಲಿದ್ದ ಓಂಕಾಳು ಅರ್ಧ ಚಮಚ ಉಜ್ಜಿ ಹಾಕಿದೆ. ವಾಸನೆ ಬೇರೆ, ಆದರೆ ಕೆಟ್ಟದ್ದಲ್ಲ. ಇದಿಷ್ಟೂ ಇನ್ನೊಂದು ಮುಕ್ಕಾಲು ಗಂಟೆ.

ಮೂಗಿಗೆ ಹೊಡೆದ ಆ ಘಾಟು ಹಾರ್ಸ್‌ರ್ಯಾಡಿಷ್ ಅನ್ನೋ ಬೇರಿನದು. ಸಾಸಿವೆಯ ಸಂಬಂಧಿ, ಘಾಟೂ ಅದೇ ಘಾಟು. ನನ್ನ ಹತ್ತಿರ ಆ ಬೇರಿರಲಿಲ್ಲ, ಸಾಸಿವೆ ಇತ್ತು. ನೀನು ಸಾಸಿವೆ ಅರೆದು ಮೊಸರಿಗೆ ಕಲೆಸ್ತೀಯಲ್ಲ ಹಾಗೆ, ತಣ್ಣೀರಲ್ಲಿ ಅರೆದು ಹತ್ತು ನಿಮಿಷ ಬಿಟ್ಟು, ಒಲೆ ಆರಿಸಿ ರಸ ಚೆನ್ನಾಗಿ ಆರಿದ ಮೇಲೆ ಬೆರೆಸಿದೆ. ಕುದಿಸಿದರೆ ಘಾಟು ಹಾರಿಹೋಗಿ ಕಹಿ ಮಾತ್ರ ಉಳಿಯುತ್ತೆ. ನಿಂಬೆಹಣ್ಣೂ ಆಗಲೇ. ರಾತ್ರಿಯೆಲ್ಲ ಆ ರಸದಲ್ಲೇ ಫ್ರಿಜ್ಜಲ್ಲಿ ಬಿಡಬೇಕು. ನಿಜವಾದ ರುಚಿ ಹಿಡಿಯೋದು ಆಗಲೇ, ಒಲೆ ಮೇಲಲ್ಲ. ನಾಕು ದಿನಕ್ಕಿಂತ ಇಡಬೇಡ, ಲೋಳೆ ಬಂದರೆ ಎಸೆದುಬಿಡು.

ಮರುದಿನ ಎದುರುಮನೆಗೆ ಒಂದು ಡಬ್ಬಿ ಕೊಟ್ಟೆ. ಅಜ್ಜಿ ಒಂದು ಸುಲಿದು, ಚೀಪಿ, ಕಣ್ಣು ಮುಚ್ಚಿ ಸುಮ್ಮನೆ ಕೂತರು. ಆಮೇಲೆ "ಇದರಲ್ಲಿ ಏನೋ ಇದೆ, ನಾನು ಹೇಳಿಕೊಡದ್ದು" ಅಂದರು. ಓಂಕಾಳು ಅಂದೆ. ಹೆಸರು ನಾಕು ಸಲ ಹೇಳಿಸಿಕೊಂಡರು, "ಓಮ್" ಅನ್ನೋವರೆಗೆ ಬಂತು, ಮುಂದಕ್ಕೆ ಹೋಗಲಿಲ್ಲ. ಅವರ ಅಜ್ಜಿ ಕಡ್ಲೇಕಾಯಿಗೆ 'ಗೂಬರ್' ಅಂತಿದ್ದರಂತೆ. ಅದು ಆಫ್ರಿಕಾದ ಕಾಂಗೋ ಸೀಮೆಯ ಮಾತಿಂದ ಬಂದದ್ದು, ಅಲ್ಲಿ 'ಎನ್‌ಗುಬ'. ಕಡ್ಲೇಕಾಯಿ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ, ಪೋರ್ಚುಗೀಸರ ಹಡಗಲ್ಲಿ ಆಫ್ರಿಕಾಕ್ಕೆ ಹೋಗಿ, ಗುಲಾಮರನ್ನ ತುಂಬಿದ ಹಡಗುಗಳ ಜೊತೆ ಈ ತೀರಕ್ಕೆ ಬಂತು. ಅವರು ಇದನ್ನ ಹೇಳುವಾಗ ರೇಡಿಯೊ ಸಣ್ಣ ಮಾಡಿದರು.

ತಾತನಿಗೆ ಇನ್ನೊಂದು. ಅಮೆರಿಕದ ಅಧ್ಯಕ್ಷ ಕಡ್ಲೇಕಾಯಿ ಬೆಳೆಯೋ ರೈತ ಆಗಿದ್ದ ಅಂತ ಅವರು ಹೇಳ್ತಿದ್ದದ್ದು, ನಾವು ನಗ್ತಿದ್ದದ್ದು ನೆನಪಿದೆಯಾ? ನಿಜ. ಜಿಮ್ಮಿ ಕಾರ್ಟರ್, ಪಕ್ಕದ ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಅನ್ನೋ ಹಳ್ಳಿಯವರು. 1978ರಲ್ಲಿ ದೆಹಲಿಗೆ ಬಂದಾಗ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದರು, ಆ ಊರಿಗೆ ಕಾರ್ಟರ್‌ಪುರಿ ಅಂತಲೇ ಹೆಸರಾಯ್ತು. ಕಳೆದ ಡಿಸೆಂಬರ್‌ನಲ್ಲಿ ತೀರಿಕೊಂಡರು, ನೂರು ವರ್ಷ ತುಂಬಿತ್ತು. ತಾತ ಗೆದ್ದರು ಅಂತ ಹೇಳು.

ನಮ್ಮ ಹೊಲ ಸೋಲಾರಿಗೆ ಕೊಟ್ಟ ಮೇಲೆ ಮನೇಲಿ ಹಸಿ ಕಡ್ಲೇಕಾಯಿ ಬೇಯಿಸಿದ್ದೀಯಾ ಅಮ್ಮ? ಕೇಳಬೇಕು ಅಂತ ಎಷ್ಟೋ ಸಲ ಅನಿಸಿ ಸುಮ್ಮನಾಗಿದ್ದೀನಿ. ಮಳೆ ನಂಬಿ ಆಕಾಶ ನೋಡೋದು ತಪ್ಪಿತು ಅಂತ ತಾತನೇ ಹೇಳಿದರು, ನನಗೆ ಗೊತ್ತು. ಆದರೂ ಸಂತೆಯಿಂದ ತಂದ ಆ ಕಾಯಿ ತೊಳೀವಾಗ ಉಗುರಲ್ಲಿ ಕೂತ ಮಣ್ಣು ಎರಡು ದಿನ ತೆಗೀಲಿಲ್ಲ. ಇಲ್ಲಿಯ ಮಣ್ಣು ಮರಳು ಮರಳು, ನಮ್ಮ ಕೆಂಪು ಅದಕ್ಕಿಲ್ಲ.

ದೀಪಾವಳಿ ಹೊತ್ತಿಗೆ ಪಾವಗಡ ಸಂತೆಗೆ ಹೊಸ ಕಾಯಿ ಬರುತ್ತಲ್ಲ, ಒಂದು ಸೇರು ತರಿಸಿ ಮಾಡು. ತಾತನ ಪಾಲಿಗೆ ಉಪ್ಪು ಅರ್ಧ ಹಾಕಿ ಬೇರೆ ಬೇಯಿಸು, ಬಿಪಿ ಮಾತ್ರೆ ನುಂಗಿದ್ದೀನಿ ಅಂತ ಅವರು ಹೇಳೋ ಮಾತು ನಂಬಬೇಡ. ಬ್ಲಡಿ ಮೇರಿ ಅಂತ ಯಾರಿಗೂ ಹೇಳಬೇಡ, ಸಾರಿನ ಕಡ್ಲೇಕಾಯಿ ಅನ್ನು.

ಪುಟ್ಟಿಯ ಗೆಳತಿ ಅಕ್ಟೋಬರ್‌ನಲ್ಲಿ ಅಟ್ಲಾಂಟಾಕ್ಕೆ ಬರ್ತಾಳಂತೆ. ಅವಳ ಕೈಲಿ ಐದು ಲೀಟರ್ ಕುಕ್ಕರಿನ ಗ್ಯಾಸ್ಕೆಟ್ ಎರಡು ಕಳಿಸು. ಮುಚ್ಚಳದ ಫೋಟೊ ಪುಟ್ಟಿಗೆ ಕಳಿಸಿದ್ದೀನಿ, ಅಂಗಡಿಯವನಿಗೆ ತೋರಿಸಲಿ, ಅಳತೆ ತಪ್ಪಿದರೆ ಇಲ್ಲಿ ಸಿಗಲ್ಲ.

ನಿನ್ನ ಮಗಳು