ಪೂರ್ತಿ ಓದಿದವರೇ ಪುಸ್ತಕ ಪರಿಚಯ ಬರೆಯಲಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ನಾನು ಮೊದಲು ಓದುವುದು ಪುಸ್ತಕ ಪರಿಚಯದ ಪುಟ. ಹೊಸ ಪುಸ್ತಕವನ್ನು ಕೈಗೆತ್ತಿಕೊಂಡು ನಾಲ್ಕು ಪುಟ ತಿರುವಿ ನೋಡಿ ಕೊಳ್ಳುವ ಅವಕಾಶ ಮಂಡ್ಯದಲ್ಲಿ ನಮಗೆ ಸಿಗುವುದು ಅಪರೂಪ. 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆದಾಗ ಮಳಿಗೆ ಮಳಿಗೆ ಸುತ್ತಿ ಹಾಗೆ ಕೊಂಡೆವು. ಉಳಿದಂತೆ ಪತ್ರಿಕೆಯಲ್ಲಿ ಬಂದದ್ದನ್ನು ನಂಬಿ ಅಂಚೆಯಲ್ಲಿ ತರಿಸಿಕೊಳ್ಳುವುದೇ.

ಹಾಗೆ ನಂಬಿ ಕನ್ನಂಬಾಡಿ ಕಟ್ಟೆ, ನಾಲೆಗಳ ಬಗ್ಗೆ ಒಂದು ಪುಸ್ತಕ ತರಿಸಿದೆ. ‘ಮನೆಮನೆಯಲ್ಲೂ ಇರಬೇಕಾದ ಕೃತಿ’ ಅಂತ ಬರೆದಿದ್ದರು. ಬಂದ ಮೇಲೆ ನೋಡಿದರೆ ಆ ಪರಿಚಯದ ಮುಕ್ಕಾಲು ಪಾಲು ಬೆನ್ನುಡಿಯಲ್ಲೇ ಇತ್ತು, ಅಕ್ಷರವೂ ಬದಲಾಗಿರಲಿಲ್ಲ. 1911ರಲ್ಲಿ ಕಟ್ಟೆ ಕೆಲಸ ಶುರುವಾದ ಕಾಲದಿಂದ ಕಥೆ ಹೇಳುವ ಪುಸ್ತಕದಲ್ಲಿ ಒಂದೇ ಒಂದು ನಕ್ಷೆ ಇಲ್ಲ. ನಾಲೆ ಹಾದುಹೋಗುವ ಹುಲಿಕೆರೆ ಸುರಂಗ ದಾಟಿದ ನೀರು ಯಾವ ಕಡೆ ಹರಿಯುತ್ತೆ ಅಂತ ಹೊರಗಿನವರಿಗೆ ಹೇಗೆ ತಿಳಿಯಬೇಕು? ಆದರೆ ನಾಲೆ ನೀರು ಬಂದು ರಾಗಿ ಹೊಲಗಳು ಕಬ್ಬಿನ ಗದ್ದೆಯಾದದ್ದು, 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದದ್ದು, ಇದನ್ನೆಲ್ಲ ಹಳಬರ ಮಾತಲ್ಲೇ ಹಿಡಿದಿಟ್ಟ ಅಧ್ಯಾಯ ಒಂದಿದೆ, ಅದು ಬಹಳ ಸೊಗಸು. ಪರಿಚಯದಲ್ಲಿ ಆ ಕೊರತೆಯ ಮಾತೂ ಇಲ್ಲ, ಈ ಅಧ್ಯಾಯದ ಮಾತೂ ಇಲ್ಲ. ಅಷ್ಟು ಹೊಗಳಿಯೂ ಲೇಖಕರಿಗೆ ಅನ್ಯಾಯವೇ ಆಯ್ತು, ಅಲ್ವಾ?

ಕೆಲವರು ಬಯ್ಯುವಾಗಲೂ ಹೀಗೇ. ‘ಭಾಷೆ ಸೊರಗಿದೆ’ ಅಂತ ಸುಮ್ನೆ ಬರೆದುಬಿಡುತ್ತಾರೆ. ಸೊರಗಿದ ಸಾಲೊಂದನ್ನು ಪುಟದ ಸಂಖ್ಯೆ ಸಮೇತ ಕೊಡಿ, ಹೌದೋ ಅಲ್ಲವೋ ನಾವೇ ನೋಡುತ್ತೇವೆ. ಮಕ್ಕಳಿಗೆ ಬರೆದ ಪುಸ್ತಕದಲ್ಲಿ ಸಂಶೋಧನೆ ಸಾಲದು ಅನ್ನುವುದು ಯಾವ ನ್ಯಾಯ? ಕಾದಂಬರಿಯ ಕೊನೆಯನ್ನಂತೂ ದಯವಿಟ್ಟು ಹೇಳಬೇಡಿ.

ಇನ್ನೊಂದು ಮಾತು. ಬಿಡುಗಡೆಯ ದಿನ ವೇದಿಕೆಯಲ್ಲಿ ಕೂತು ಹಾರ ಹಾಕಿಸಿಕೊಂಡವರೇ ಮುಂದಿನ ವಾರ ವಿಮರ್ಶೆ ಬರೆಯುತ್ತಾರೆ. ಮೈಸೂರು, ಮಂಡ್ಯದಲ್ಲಿ ಬರೆಯುವವರು ಒಬ್ಬರಿಗೊಬ್ಬರು ಪರಿಚಯದವರೇ ಆಗಿರುತ್ತಾರೆ, ಅದು ತಪ್ಪಲ್ಲ. ‘ಲೇಖಕರು ನನ್ನ ಸ್ನೇಹಿತರು’ ಅಂತ ಒಂದು ಸಾಲು ಹಾಕಿದರೆ ಸಾಕು, ಓದುವವರು ಅದನ್ನು ಮನಸ್ಸಲ್ಲಿಟ್ಟುಕೊಂಡು ಓದುತ್ತಾರೆ.

ನಿಮಗೆ ಜಾಗದ ತೊಂದರೆ ಇದೆ, ಪುಸ್ತಕಗಳ ರಾಶಿಯೂ ಬರುತ್ತೆ, ಗೊತ್ತು. ಓದಲಾಗದ್ದನ್ನು, ಬಂದ ಪುಸ್ತಕಗಳ ಹೆಸರಷ್ಟೇ ಕೊಡುವ ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹಾಕಿ. ವಾರಕ್ಕೆ ಎರಡೇ ಬಂದರೂ ಪರವಾಗಿಲ್ಲ, ಪೂರ್ತಿ ಓದಿದವರಿಂದ ಬರೆಸಿ. ಜೊತೆಗೆ ಪುಟ, ಬೆಲೆ, ಪುಸ್ತಕ ತರಿಸಿಕೊಳ್ಳಲು ಪ್ರಕಾಶಕರ ಫೋನ್ ನಂಬರ್ ತಪ್ಪದೆ ಕೊಡಿ.

ಇಂತಿ,
ನಿಮ್ಮ ಓದುಗ, ಮಂಡ್ಯ